ಅಣ್ಣನ ಸೊಂಟಕ್ಕೆ ಇನ್ನೊಂದು ಕೊಂಡಿ

ಬೇರೆ ಮನೆಗಳಲ್ಲಿ ಸೊಂಟವನ್ನು ಟೇಪಿನಿಂದ ಅಳೆಯುತ್ತಾರಂತೆ. ನಮ್ಮ ಮನೆಯಲ್ಲಿ ಬೆಳ್ಳಿಯಿಂದ ಅಳೆಯುತ್ತೇವೆ. ಇದನ್ನು ಹೆಮ್ಮೆಯಿಂದ ಹೇಳುತ್ತಿದ್ದೇನೋ ಸಂಕೋಚದಿಂದಲೋ ನನಗೇ ಇನ್ನೂ ತೀರ್ಮಾನವಾಗಿಲ್ಲ. ಅಪ್ಪ ಬಿಟ್ಟುಹೋದ ಒಂದು ಬೆಳ್ಳಿಯ ಉಡದಾರ ಅಣ್ಣನ ನಡುವಿನಲ್ಲಿದೆ. ನೂಲಿನ ಉಡದಾರವಾದರೆ ಸೊಂಟ ಹಿಗ್ಗಿದಂತೆ ಗಂಟು ಬಿಚ್ಚಿ ಸಡಿಲ ಮಾಡಿಕೊಳ್ಳಬಹುದು. ಬೆಳ್ಳಿಗೆ ಆ ದಾಕ್ಷಿಣ್ಯವಿಲ್ಲ, ಅದಕ್ಕೆ ಕೊಂಡಿ ಸೇರಿಸಬೇಕು. ಹಾಗಾಗಿ ನಾಗರಪಂಚಮಿ ಹತ್ತಿರ ಬಂತೆಂದರೆ ಅವ್ವ ಅದನ್ನು ಅಣ್ಣನಿಂದ ಬಿಚ್ಚಿಸಿಕೊಂಡು, ಸೆರಗಿನ ತುದಿಯಲ್ಲಿ ಗಂಟು ಕಟ್ಟಿಕೊಂಡು, ನಮ್ಮೂರಿಂದ ಕುಕನೂರಿಗೆ ಹೋಗಿ ಪತ್ತಾರ ಮೌನೇಶಪ್ಪನವರ ಅಂಗಡಿಯ ಕಟ್ಟೆಯ ಮೇಲೆ ಕೂರುತ್ತಾಳೆ. ಅವರು ಒಂದು ಕೊಂಡಿ ಬೆಸೆದು ಕೊಡುತ್ತಾರೆ. ಹಬ್ಬದ ದಿನ ನಾಗಪ್ಪನಿಗೆ ಹಾಲೆರೆದು ಬಂದ ಮೇಲೆ ಅವ್ವ ತನ್ನ ಕೈಯಿಂದಲೇ ಅದನ್ನು ಮಗನ ನಡುವಿಗೆ ತೊಡಿಸಿ, ಹೊಟ್ಟೆಯನ್ನೊಮ್ಮೆ ಸವರಿ, ದೃಷ್ಟಿ ತಾಗದಿರಲೆಂದು ನೆಟಿಗೆ ಮುರಿಯುತ್ತಾಳೆ. ಹೊಸ ಕೊಂಡಿ ಹಳೆಯವುಗಳ ನಡುವೆ ಎಳೆಮಗುವಿನ ಹಲ್ಲಿನಂತೆ ಹೊಳೆಯುತ್ತದೆ.

"ನಮ್ಮ ಮನಿ ಬೆಳ್ಳಿ ವರ್ಷಾ ಬೆಳಿತೈತಿ ನೋಡು" ಎನ್ನುತ್ತಾಳೆ ಅವ್ವ. ಬೆಳ್ಳಿ ಬೆಳೆಯುವುದಕ್ಕೆ ಗೊಬ್ಬರ ಹಾಕುತ್ತಿರುವುದು ಅಣ್ಣ.

ನನ್ನ ಪರಿಚಯವನ್ನೂ ಹೇಳಿಬಿಡುತ್ತೇನೆ. ನಾನು ಈ ಮನೆಯ ಕಿರಿಯ ಮಗಳು. ಕೊಪ್ಪಳದ ಒಂದು ಸರ್ಕಾರಿ ಕಚೇರಿಯಲ್ಲಿ ಕುರ್ಚಿಯ ಮೇಲೆ ಕೂತು ಮಾಡುವ ಕೆಲಸ. ಅದಕ್ಕೆ ಮುಂಚೆ, ಓದುವಾಗ, ಗಂಗಾವತಿಯಿಂದ ಕುಷ್ಟಗಿಯವರೆಗೆ ಎಲ್ಲೆಲ್ಲಿ ಚರ್ಚಾಸ್ಪರ್ಧೆ ನಡೆಯುತ್ತಿತ್ತೋ ಅಲ್ಲೆಲ್ಲ ಹೋಗಿ ಬಹುಮಾನದ ಕಪ್ ತಂದವಳು. ವಿಜ್ಞಾನ ವರವೆಂದು ಬೆಳಿಗ್ಗೆ, ಶಾಪವೆಂದು ಮಧ್ಯಾಹ್ನ, ಎರಡನ್ನೂ ಅಷ್ಟೇ ನಿಷ್ಠೆಯಿಂದ ವಾದಿಸಿದ್ದೇನೆ. ಆ ಕಪ್ಪುಗಳಲ್ಲಿ ಒಂದರಲ್ಲಿ ಅವ್ವ ಸಾಸಿವೆ ಹಾಕಿಟ್ಟಿದ್ದಾಳೆ, ಇನ್ನೊಂದರಲ್ಲಿ ಮೆಂತ್ಯೆ. ಮನೆಯಲ್ಲಿ ನನಗೆ ಇರುವ ಹೆಸರು ವಕೀಲವ್ವ. ಯಾರಾದರೂ "ಇವತ್ತು ಸೆಖೆ" ಅಂದರೂ ಸಾಕು, "ಯಾವುದಕ್ಕೆ ಹೋಲಿಸಿದರೆ?" ಎಂಬ ಪ್ರಶ್ನೆ ನನ್ನ ಬಾಯಿಯಿಂದ ತಾನಾಗಿ ಬರುತ್ತದೆ. ಇದು ಗುಣವಲ್ಲವೆಂದು ನನಗೂ ಗೊತ್ತು. ಆದರೆ ಕೊಟ್ಟಿದ್ದನ್ನೆಲ್ಲ ನುಂಗುವ ಗುಣಕ್ಕಿಂತ ಮೇಲು ಎಂದು ನನ್ನ ವಾದ.

ಅಣ್ಣ ಶರಣಪ್ಪ ಸರ್ಕಾರಿ ಬಸ್ಸಿನ ಚಾಲಕ. ಕೊಪ್ಪಳ, ಗಂಗಾವತಿ, ತಾವರಗೇರಾ, ಕುಷ್ಟಗಿ, ಯಲಬುರ್ಗಾ ಹೀಗೆ ಅವನ ದಿನಗಳು ಸುತ್ತುತ್ತವೆ. ಬಸ್ಸು ಎಲ್ಲೆಲ್ಲಿ ನಿಲ್ಲುತ್ತದೋ ಅಲ್ಲೆಲ್ಲ ಹೋಟೆಲಿನವರು ಡ್ರೈವರ್ ಸಾಹೇಬರಿಗೆ ಚಾ ಕೊಡುತ್ತಾರೆ. ಆ ಚಾದಲ್ಲಿ ಸಕ್ಕರೆ ಎಂದರೆ ಮರ್ಯಾದೆ. ಹಿಟ್ನಾಳದ ಬಳಿ ಒಬ್ಬ ಹೋಟೆಲಿನವನಿಗೆ ಅಣ್ಣ ಒಮ್ಮೆ ಬಾಯಿತಪ್ಪಿ "ಸಕ್ರಿ ಕಮ್ಮಿ ಹಾಕಪ್ಪಾ" ಅಂದಿದ್ದಕ್ಕೆ, "ಯಾಕ್ರಿ ಸಾಹೇಬ್ರ, ನಮ್ಮ ಮ್ಯಾಲ ಸಿಟ್ಟೇನ್ರಿ?" ಎಂದು ಆತ ಮುಖ ಸಣ್ಣದು ಮಾಡಿಕೊಂಡನಂತೆ. ಅವನನ್ನು ಸಮಾಧಾನ ಮಾಡಲು ಅಣ್ಣ ಇನ್ನೊಂದು ಕಪ್ ಕುಡಿಯಬೇಕಾಯಿತು. ಗಂಗಾವತಿಯ ಕಡೆ ಊಟವಾದರೆ ಅನ್ನದ ಗುಡ್ಡ, ಕೊಪ್ಪಳದಲ್ಲಿ ಸಂಜೆಯಾದರೆ ಮಿರ್ಚಿ ಮಂಡಕ್ಕಿ. ಕಾಲುಗಳಿಗೆ ಮಾತ್ರ ಕ್ಲಚ್ಚು, ಬ್ರೇಕು ಬಿಟ್ಟರೆ ಬೇರೆ ಉದ್ಯೋಗವಿಲ್ಲ.

ಸೊಂಟದ ವಿಷಯದಲ್ಲಿ ನಮ್ಮ ಹಿಂದಿನವರಿಗೂ ಒಮ್ಮತವಿರಲಿಲ್ಲ ಎನ್ನುವುದು ನನ್ನ ಅನುಮಾನ. ಕುಕನೂರಿಗೆ ಹತ್ತಿರದ ಇಟಗಿಯ ಗುಡಿಗೆ ಇಳಿಬಿಸಿಲಿನಲ್ಲಿ ಹೋಗಿ ನೋಡಿ. ಕಂಬಗಳನ್ನು ಚರಕಿಗೆ ಹಾಕಿ ತಿರುಗಿಸಿದಂತೆ ಕಡೆದಿದ್ದಾರೆ. ಕಲ್ಲಿಗೂ ನಡು ಇದೆ, ಅದೂ ಒಂದು ಹಿಡಿಯಲ್ಲಿ ಹಿಡಿಯಬಹುದು ಎನ್ನಿಸುವಷ್ಟು. ಅದೇ ಕಲ್ಲುಕುಟಿಗರಿಗೆ ದೇವರ ಸಮೃದ್ಧಿ ತೋರಿಸಬೇಕು ಎನ್ನಿಸಿದಾಗ ಮಾತ್ರ ಹೊಟ್ಟೆ ದೊಡ್ಡದು ಮಾಡುತ್ತಾರೆ. ಕುಬೇರನಿಗೆ ಡೊಳ್ಳು, ಗಣಪತಿಗೆ ಡೊಳ್ಳು. ಗಣಪತಿಯದಂತೂ ಕಡುಬು ತಿಂದು ಬಿರಿದು, ಕೊನೆಗೆ ಅವನು ದಾರಿಯಲ್ಲಿ ಹೋಗುತ್ತಿದ್ದ ಹಾವನ್ನೇ ಹಿಡಿದು ಸುತ್ತಿಕೊಳ್ಳಬೇಕಾಯಿತು. ಆ ಹಾವು ಬಿಗಿಯಿತೋ ಸಡಿಲಾಯಿತೋ ಯಾರೂ ಬರೆದಿಟ್ಟಿಲ್ಲ. ಬಡತನ ಕಂಡ ನಾಡಿನಲ್ಲಿ ಹೊಟ್ಟೆ ಎನ್ನುವುದು ದೇವರು ಕೊಟ್ಟ ರಸೀದಿ. ಅದನ್ನು ರೋಗ ಎಂದು ಕರೆಯಲು ಯಾರಿಗೆ ತಾನೇ ಮನಸ್ಸು ಬರುತ್ತದೆ?

ನಮ್ಮ ಮನೆಯಲ್ಲಿ ಆ ರಸೀದಿ ಮೊದಲು ಬಂದದ್ದು ಅಪ್ಪನಿಗೆ. ಅಪ್ಪ ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ಹಮಾಲಿ ಮಾಡುತ್ತಿದ್ದ. ಚೀಲ ಹೊರುವ ಕಾಲಕ್ಕೆ ಅವನದು ಬೆನ್ನಿಗೆ ಅಂಟಿದ ಹೊಟ್ಟೆ. ಗಿರಣಿಯವರು ನಂಬಿಗಸ್ತನೆಂದು ಅವನನ್ನು ಮೇಸ್ತ್ರಿ ಮಾಡಿದರು. ಅಂದರೆ ಚೀಲ ಹೊರುವವರನ್ನು ನೋಡುತ್ತ ಕುರ್ಚಿಯ ಮೇಲೆ ಕೂರುವ ಕೆಲಸ. ಅಪ್ಪ ಚೀಲ ಇಳಿಸಿದ, ತಾಟು ಇಳಿಸಲಿಲ್ಲ. ಹೊರುವವನಿಗೆ ಬೇಕಾದಷ್ಟೇ ಅನ್ನವನ್ನು ನೋಡುವವನೂ ಉಂಡ. ಮೈ ತುಂಬಿಕೊಂಡಿತು, ಬೆಳ್ಳಿಯ ಉಡದಾರ ಬಂತು, ಊರಿಗೆ ಬಂದಾಗ ಜನ "ಛಲೋ ಆಗ್ಯಾನ" ಅಂದರು. ಹಾಗೆ ಬಂದಿದ್ದಾಗಲೇ ಒಂದು ಮಧ್ಯಾಹ್ನ ಉಂಡು ಮಲಗಿದವನು ಏಳಲಿಲ್ಲ. ಐವತ್ತೂ ತುಂಬಿರಲಿಲ್ಲ. ಪುಣ್ಯವಂತ, ನಿದ್ದೆಯಲ್ಲೇ ಹೋದ ಎಂದು ಬಂದವರು ಹೇಳಿದರು. ದೃಷ್ಟಿಯಾಯಿತು ಎಂದು ಅವ್ವ ಹೇಳಿದಳು. ಅವತ್ತಿನಿಂದ ಉಡದಾರ ಅಣ್ಣನ ಅಂಗಿಯ ಒಳಗೆ ಹೋಯಿತು, ಹೊರಗಿನವರ ಕಣ್ಣಿಗೆ ಬೀಳದಂತೆ.

ಈ ವರ್ಷ ಎಲ್ಲ ಶುರುವಾದದ್ದು ಅಣ್ಣನ ಕುತ್ತಿಗೆಯಿಂದ. ಹಿಂದುಗಡೆ, ಮಡಿಕೆಗಳಲ್ಲಿ, ಚರ್ಮ ಕಪ್ಪಾಗಿ ಮಖಮಲ್ಲಿನ ಹಾಗೆ ದಪ್ಪವಾಗಿತ್ತು. ರಸ್ತೆಯ ಧೂಳು, ಡೀಸೆಲ್ ಹೊಗೆ ಎಂದು ಎಲ್ಲರೂ ತಿಳಿದೆವು. ಅಣ್ಣನ ಹೆಂಡತಿ, ಅಂದರೆ ನನ್ನ ವೈನಿ, ಭಾನುವಾರ ಭಾನುವಾರ ಅವನನ್ನು ಬಚ್ಚಲಲ್ಲಿ ಕೂರಿಸಿ ಕಡಲೆಹಿಟ್ಟು ಹಚ್ಚಿ, ಆಮೇಲೆ ತೆಂಗಿನ ನಾರು ಹಿಡಿದು ತಿಕ್ಕುತ್ತಿದ್ದಳು. ಚರ್ಮ ಕೆಂಪಾಗುತ್ತಿತ್ತೇ ಹೊರತು ಕಪ್ಪು ಹೋಗುತ್ತಿರಲಿಲ್ಲ. ಅವ್ವ ಹೊರಗಿನಿಂದಲೇ ಕೂಗುತ್ತಿದ್ದಳು: "ಗಂಡನ ಕುತ್ತಿಗಿ ತೊಳಿಯಾಕೂ ಬರಂಗಿಲ್ಲ ಈಕಿಗೆ. ಮಂದಿ ನನಗ ನಗತಾರ." ವೈನಿ ಉತ್ತರ ಕೊಡುವವಳಲ್ಲ. ಇನ್ನಷ್ಟು ಜೋರಾಗಿ ತಿಕ್ಕುತ್ತಿದ್ದಳು. ಅಣ್ಣ ಮಾತ್ರ "ಅಯ್ಯಯ್ಯ, ಬಸ್ ತೊಳದಂಗ ತೊಳಿಯಾಕತ್ತೀ ಅಲ್ಲಲೇ" ಎಂದು ಕಿರುಚುತ್ತಿದ್ದ.

ಒಂದು ದಿನ ವೈನಿ ನನ್ನನ್ನು ಹಿತ್ತಲಿಗೆ ಕರೆದು, "ಗಿರಿಜಾ, ಒಮ್ಮೆ ಇವರನ್ನ ಡಾಕ್ಟರ್ ಹತ್ರ ಕರಕೊಂಡು ಹೋಗೋಣೇನು? ನೀ ಇದ್ರ ಛಲೋ. ನನಗ ಕೇಳಾಕ ಬರಂಗಿಲ್ಲ, ನಿನಗ ಬಿಡಾಕ ಬರಂಗಿಲ್ಲ" ಅಂದಳು. ನನ್ನ ಬಗ್ಗೆ ಇಷ್ಟು ನಿಖರವಾಗಿ ಯಾವ ತೀರ್ಪುಗಾರರೂ ಬರೆದಿರಲಿಲ್ಲ.

ಕೊಪ್ಪಳದ ಡಾಕ್ಟರಮ್ಮ ಮೊದಲು ಕುತ್ತಿಗೆ ನೋಡಿದರು, ಆಮೇಲೆ ಟೇಪು ಹಿಡಿದು ಹೊಟ್ಟೆ ಅಳೆದರು, ರಕ್ತ ಕೊಡಲು ಹೇಳಿ ಕಳಿಸಿದರು. ವರದಿ ಬಂದ ಮೇಲೆ ವೈನಿಯ ಕಡೆ ತಿರುಗಿ ಹೇಳಿದರು: "ಇದು ಕೊಳಿ ಅಲ್ಲವ್ವಾ. ಎಷ್ಟ ತಿಕ್ಕಿದ್ರೂ ಹೋಗಂಗಿಲ್ಲ. ಒಳಗ ಇನ್ಸುಲಿನ್ ಭಾಳ ಆಗೇತಿ, ಅದರ ನೆಳ್ಳು ಕುತ್ತಿಗಿ ಮ್ಯಾಲ ಬಿದ್ದೈತಿ." ವೈನಿ ತನ್ನ ಎರಡೂ ಅಂಗೈಗಳನ್ನು ನೋಡಿಕೊಂಡಳು. ಆ ಕೈಗಳು ಅಷ್ಟು ಭಾನುವಾರಗಳ ಅಪವಾದದಿಂದ ಬಿಡುಗಡೆಯಾದದ್ದು ನನಗೆ ಕಾಣಿಸಿತು. ಆದರೆ ಹೊಗಳಿಕೆಯನ್ನೂ ಪರೀಕ್ಷಿಸುವವಳು ನಾನು, ಕಾಯಿಲೆಯನ್ನು ಬಿಡುತ್ತೇನೆಯೇ?

"ಮೇಡಂ, ಶುಗರ್ ಇನ್ನೂ ಗೆರಿ ದಾಟಿಲ್ಲ" ಅಂದೆ. "ಬಿಪಿ ಒಂದೀಟು ಜಾಸ್ತಿ. ರಕ್ತದಾಗಿನ ಕೊಬ್ಬು ಒಂದೀಟು ಜಾಸ್ತಿ. ಒಳ್ಳೆ ಕೊಲೆಸ್ಟರಾಲ್ ಒಂದೀಟು ಕಮ್ಮಿ. ಹೊಟ್ಟಿ ಅಂತೂ ಎಲ್ಲಾರಿಗೂ ಐತಿ. ಎಲ್ಲಾ ಒಂದೀಟು ಒಂದೀಟು. ಅದಕ್ಕ ಮೆಟಬಾಲಿಕ್ ಸಿಂಡ್ರೋಮ್ ಅಂತ ಇಷ್ಟ ದೊಡ್ಡ ಹೆಸರ್ಯಾಕ್ರಿ?"

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಪರೀಕ್ಷಾದಾಗ ಐದು ಹುಡುಗ್ರು ಒಂದ ಸಾಲಿನ್ಯಾಗ ಕುಂತು ಒಂದ ಥರಾ ತಪ್ಪು ಬರದ್ರ ಏನಂತೀರಿ?"

"ಕಾಪಿ ಹೊಡದಾರ ಅಂತೀನ್ರಿ."

"ಹೌದಿಲ್ಲೋ? ಇಲ್ಲೂ ಹಂಗ. ಈ ಐದರಾಗ ಮೂರು ಕೂಡಿ ಬಂದ್ರ ಹಿಂದ ಯಾರೋ ಒಬ್ಬಾಂವ ಕಾಪಿ ಕೊಡಾಕತ್ತಾನ ಅಂತ ಸಂಶೆ ಪಡಬೇಕು. ಭಾಳ ಸಲ ಅವನ ಹೆಸರು ಇನ್ಸುಲಿನ್ ರೆಸಿಸ್ಟೆನ್ಸ್. ಇನ್ಸುಲಿನ್ ಕೂಗಿದ್ದು ಮೈಗೆ ಕೇಳಂಗಿಲ್ಲ, ಅದಕ್ಕ ಅದು ಇನ್ನೂ ಜೋರ ಕೂಗತೈತಿ."

ನಾನು ಬಿಡಲಿಲ್ಲ. ಗೆರೆ ಎಳೆದವರು ಯಾರು ಎಂದೆ. ಬಿಳಿಯರಿಗೆ ಒಂದು ಸೊಂಟ, ನಮಗೆ ಅದಕ್ಕಿಂತ ಸಣ್ಣ ಸೊಂಟ ಎನ್ನುವುದು ಯಾವ ನ್ಯಾಯ ಎಂದೆ. ನಮ್ಮ ಜನರಿಗೆ ಕೈಕಾಲು ಸಣ್ಣಗಿದ್ದರೂ ಕೊಬ್ಬು ಹೊಟ್ಟೆಯ ಒಳಗೇ ಹೋಗಿ ಕೂರುತ್ತದೆ, ಅದಕ್ಕೇ ಗೆರೆ ಕೆಳಗಿದೆ ಎಂದರು. ಹೊಸ ಹೆಸರು ಇಟ್ಟರೆ ಹೊಸ ಗುಳಿಗೆ ಮಾರಬಹುದಲ್ಲವೇ ಎಂದೆ. "ನಾನು ಗುಳಿಗಿ ಬರದೇ ಇಲ್ಲಲ್ರೀ" ಎಂದು ಅವರು ಖಾಲಿ ಚೀಟಿ ಎತ್ತಿ ತೋರಿಸಿದರು. ಅಣ್ಣ ನಕ್ಕ. ನನ್ನ ಸೋಲಿಗೆ ನಗುವವರಲ್ಲಿ ಅವನು ಯಾವಾಗಲೂ ಮೊದಲಿಗ.

ಕೊನೆಗೆ ನನ್ನ ಬ್ರಹ್ಮಾಸ್ತ್ರ ತೆಗೆದೆ. "ರಕ್ತದಾಗ ಸಕ್ರಿ ನಾರ್ಮಲ್ ಐತಿ ಅಂದ ಮ್ಯಾಲ ಕೆಲಸ ಬರೋಬ್ಬರಿ ನಡದೈತಿ ಅಂತ ಅರ್ಥ ಅಲ್ಲೇನ್ರಿ?"

ಡಾಕ್ಟರಮ್ಮ ಕನ್ನಡಕ ಮತ್ತೆ ಹಾಕಿಕೊಂಡರು. "ನಿಮ್ಮ ಮನಿ ದಿನಾ ನಾರ್ಮಲ್ ಇರತೈತಲ್ರಿ, ನೀರು ತುಂಬಿರತೈತಿ, ರೊಟ್ಟಿ ಆಗಿರತೈತಿ, ಅಂಗಳ ಕಸ ಹೊಡದಿರತೈತಿ. ಯಾರು ಎಷ್ಟು ದುಡದು ಅದನ್ನ ನಾರ್ಮಲ್ ಇಟ್ಟಾರ ಅಂತ ಯಾವತ್ತರ ಕೇಳೀರೇನು? ಇವರ ಹೊಟ್ಟ್ಯಾಗಿನ ಇನ್ಸುಲಿನ್ ಗ್ರಂಥಿ ಹಗಲೂ ರಾತ್ರಿ ಎರಡು ಪಾಳಿ ದುಡದು ಸಕ್ರಿ ನಾರ್ಮಲ್ ಇಟ್ಟೈತಿ. ಅದು ದಣದ ದಿನ ನಿಮಗ ಗೊತ್ತಾಕ್ಕೈತಿ. ಹೆಸರಿನ ಬಗ್ಗೆ ಡಾಕ್ಟರಗೋಳೂ ಜಗಳ ಆಡತಾರ್ರಿ, ನೀವೂ ಆಡ್ರಿ. ಅಲ್ಲೀತನಾ ಇವರನ್ನ ಉಂಡ ಮ್ಯಾಲ ಮಲಗಾಕ ಬಿಡಬ್ಯಾಡ್ರಿ. ನಡಸ್ರಿ. ಚಾಕ್ಕ ಸಕ್ರಿ ಬಿಡಸ್ರಿ. ಅನ್ನ ಅರ್ಧ, ಪಲ್ಯ ಡಬಲ್. ದೀಪಾವಳಿ ಹೊತ್ತಿಗೆ ಮತ್ತ ಬರ್ರಿ." ನಾವು ಎದ್ದಾಗ ನನ್ನನ್ನೂ ಮೇಲಿಂದ ಕೆಳಗೆ ನೋಡಿ, "ನೀವೂ ಒಮ್ಮೆ ಟೇಪ್ ಹಿಡ್ಕೋರಿ" ಅಂದರು. ಚೂಡಿದಾರದ ಲಾಡಿಯಷ್ಟು ಸಹನಶೀಲ ವಸ್ತು ಈ ಲೋಕದಲ್ಲಿಲ್ಲ. ಅದು ಯಾವ ವರ್ಷವೂ ಯಾವ ಹೆಂಗಸಿನ ಬಗ್ಗೆಯೂ ದೂರು ಹೇಳಿದ್ದಿಲ್ಲ. ನಾನು ಕೇಳಿಸದವಳಂತೆ ಹೊರಗೆ ಬಂದೆ.

ಅದಾದ ಕೆಲವು ದಿನಕ್ಕೆ ಕಚೇರಿಯ ಕೆಲಸದ ಮೇಲೆ ಗಂಗಾವತಿಗೆ ಹೋಗಿದ್ದೆ. ಮರಳುವಾಗ ಸಿಕ್ಕಿದ್ದು ಅಣ್ಣನ ಬಸ್ಸೇ. ಅವನ ಹಿಂದಿನ ಸೀಟಿನಲ್ಲಿ ಕಿಟಕಿಗೆ ತಲೆ ಆನಿಸಿ ಕೂತೆ. ನಾನೂ ಗಂಗಾವತಿಯ ಅನ್ನ ಉಂಡಿದ್ದೆ. ಹೊರಗೆ ಕಾಲುವೆಯ ನೀರು ಬಿಸಿಲನ್ನು ಹೊತ್ತು ನಿಧಾನವಾಗಿ ಹೋಗುತ್ತಿತ್ತು. ಹಸಿರು ಗದ್ದೆಗಳಲ್ಲಿ ಬೆಳ್ಳಕ್ಕಿಗಳು ಯಾರೋ ಒಣಗಲು ಹಾಕಿ ಮರೆತ ವಸ್ತ್ರಗಳಂತೆ ನಿಂತಿದ್ದವು. ಆಚೆ ಬಂಡೆಗಳ ಗುಡ್ಡಗಳು, ಒಂದರ ಮೇಲೊಂದು ಬಂಡೆ, ಈಗ ಬಿದ್ದೀತು ಆಗ ಬಿದ್ದೀತು ಎನ್ನಿಸುತ್ತ ಎಂದೂ ಬೀಳದವು. ಕಣ್ಣುಗಳ ಮೇಲೆ ಯಾರೋ ಬೆಚ್ಚಗಿನ ಕೈ ಇಟ್ಟ ಹಾಗಾಯಿತು.

ಕನಸಿನಲ್ಲಿ ಒಂದು ಉದ್ದನೆಯ ಓಣಿ. ಎರಡೂ ಬದಿಗೆ ಮನೆಗಳು, ಎಲ್ಲದರ ಬಾಗಿಲೂ ಮುಚ್ಚಿವೆ. ಓಣಿಯ ತುಂಬ ಸಕ್ಕರೆಯ ಚೀಲಗಳು ಬಂದು ಇಳಿಯುತ್ತಿವೆ. ಒಬ್ಬ ಮನೆಮನೆಗೆ ಹೋಗಿ ಬಾಗಿಲು ಬಡಿಯುತ್ತಿದ್ದಾನೆ, "ಯಾರರ ಅದೀರೇನ್ರಿ? ನಿಮ್ಮ ಚೀಲ ಬಂದೈತಿ, ಒಳಗ ತಗೋರಿ." ಅವನೇ ಇನ್ಸುಲಿನ್ ಎಂದು ಕನಸಿನಲ್ಲಿ ಹೇಗೋ ಗೊತ್ತಾಗುತ್ತದೆ. ಒಳಗಿನವರು ಒಳಗೇ ಇದ್ದಾರೆ, ಆದರೆ ತೆರೆಯುವುದಿಲ್ಲ. ಅವರ ಪಡಸಾಲೆಯಲ್ಲಿ, ಅಟ್ಟದಲ್ಲಿ, ದೇವರ ಕೋಣೆಯಲ್ಲೂ ಆಗಲೇ ಚೀಲ ತುಂಬಿವೆ. ಹಳೆಯದೇ ಕರಗದೆ ಕೊಬ್ಬಾಗಿ ಗೋಡೆಗೆ ಅಂಟಿದೆ. ಬಡಿಯುವವನು ಇನ್ನೊಬ್ಬನನ್ನು ಕರೆಯುತ್ತಾನೆ, ಆ ಇಬ್ಬರು ನಾಲ್ವರನ್ನು. ಗದ್ದಲ ಏಳುತ್ತದೆ. ಗದ್ದಲಕ್ಕೆ ಬೇಸತ್ತು ಬಾಗಿಲುಗಳು ಅರೆಬರೆ ತೆರೆಯುತ್ತವೆ, ಹೇಗೋ ಚೀಲಗಳು ಒಳಗೆ ಹೋಗುತ್ತವೆ, ಓಣಿ ಸ್ವಚ್ಛವಾಗುತ್ತದೆ. ದಾರಿಹೋಕನೊಬ್ಬ ನೋಡಿ "ಎಲ್ಲಾ ನಾರ್ಮಲ್ ಐತಿ" ಎಂದು ಬರೆದುಕೊಂಡು ಹೋಗುತ್ತಾನೆ. ಆದರೆ ಆ ಗದ್ದಲಕ್ಕೆ ಊರಿನ ಕೊಳವೆಗಳಲ್ಲಿ ಉಪ್ಪು ನೀರು ಉಳಿದು ಒತ್ತಡ ಏರಿದೆ. ಯಕೃತ್ತೆಂಬ ದೊಡ್ಡ ಮನೆಯ ಯಜಮಾನ ಹೆಚ್ಚಾದದ್ದನ್ನೆಲ್ಲ ಕೊಬ್ಬಿನ ಗಂಟು ಕಟ್ಟಿ ಗಾಡಿಗಳಲ್ಲಿ ಹೊರಗೆ ಅಟ್ಟುತ್ತಿದ್ದಾನೆ. ಆ ಗಾಡಿಗಳ ಸಂದಣಿಯಲ್ಲಿ ಕಸ ಒಯ್ಯುವ ಒಳ್ಳೆಯ ಗಾಡಿಗಳು ಕಾಣೆಯಾಗಿವೆ. ಊರ ನಡುವಿನ ಉಗ್ರಾಣ ಮುಂದಕ್ಕೆ ಮುಂದಕ್ಕೆ ಬೆಳೆಯುತ್ತಿದೆ.

ಓಣಿಯ ತುದಿಯಲ್ಲಿ ಅಪ್ಪ ನಿಂತಿದ್ದ. ಹಮಾಲಿಯ ಕಾಲದ ತೆಳ್ಳಗಿನ ಅಪ್ಪ, ಹೆಗಲ ಮೇಲೆ ಚೀಲ. ಅವನು ಯಾವ ಬಾಗಿಲನ್ನೂ ಬಡಿಯಲಿಲ್ಲ. ಮನೆಗಳ ಹಿಂದೆ ಸುತ್ತಿ ಹೋಗಿ, ಒಂದು ಹಿತ್ತಲ ಬಾಗಿಲನ್ನು ಭುಜದಿಂದ ತಳ್ಳಿ, ಚೀಲದ ಸಮೇತ ಒಳಗೆ ಹೋಗಿಬಿಟ್ಟ. ನಾನು "ಅಪ್ಪಾ, ಅದು ನಿಯಮಬಾಹಿರ" ಎಂದು ಕೂಗಲು ಬಾಯಿ ತೆರೆದೆ. ಅಷ್ಟರಲ್ಲಿ ಅಣ್ಣ ಬ್ರೇಕು ಹಾಕಿದ, ನನ್ನ ಹಣೆ ಮುಂದಿನ ಕಂಬಿಗೆ ಬಡಿಯಿತು.

ಸಂಜೆ ಮೊಬೈಲಿನಲ್ಲಿ ಕೂತು ಓದಿ ನೋಡಿದರೆ ಆ ಹಿತ್ತಲ ಬಾಗಿಲು ನಿಜವಾಗಿಯೂ ಇದೆ. ದುಡಿಯುವ ಸ್ನಾಯು ಇನ್ಸುಲಿನ್ನಿನ ಕೂಗಿಗೆ ಕಾಯುವುದಿಲ್ಲ. ತಾನೇ ಬಾಗಿಲು ತೆರೆದು ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. ಹೊರುವ ಅಪ್ಪನಿಗೆ ಅನ್ನದ ಗುಡ್ಡ ಏನೂ ಮಾಡಲಿಲ್ಲ ಎನ್ನುವುದಕ್ಕೂ, ಕೂತ ಅಪ್ಪನ ಮೇಲೆ ಅದೇ ಗುಡ್ಡ ಕುಸಿಯಿತು ಎನ್ನುವುದಕ್ಕೂ ಒಂದು ವಿವರಣೆ ಸಿಕ್ಕಂತಾಯಿತು. ನಾನು ಇದನ್ನು ಕನಸಿನಲ್ಲಿ ಕಂಡೆನೆಂದು ಹೇಳುತ್ತಿಲ್ಲ, ಎಲ್ಲೋ ಅರ್ಧ ಓದಿ ಮರೆತದ್ದಿರಬೇಕು. ಕನಸುಗಳನ್ನು ಪುರಾವೆಯಾಗಿ ಸ್ವೀಕರಿಸುವಷ್ಟು ನಾನಿನ್ನೂ ಕೆಟ್ಟಿಲ್ಲ.

ಪಂಚಮಿ ಹತ್ತಿರ ಬಂತು. ರಜೆ ಹಾಕಿ ಊರಿಗೆ ಹೋದೆ. ಅಂದು ಬೆಳಿಗ್ಗೆ ಅವ್ವ ಅಣ್ಣನಿಗೆ "ಉಡದಾರ ಬಿಚ್ಚು, ನಾಳಿ ಕುಕನೂರಿಗೆ ಹೋಗಬೇಕು" ಅಂದಳು. ಬೆಳ್ಳಿ ಅವನ ಹೊಟ್ಟೆಯ ಮೇಲೆ ಗೆರೆ ಮೂಡಿಸಿತ್ತು.

ನಾನು ಎದ್ದುನಿಂತೆ. ಕೂತು ವಾದಿಸುವ ಅಭ್ಯಾಸ ನನಗಿಲ್ಲ. ಡಾಕ್ಟರಮ್ಮ ಹೇಳಿದ್ದು, ನಾನು ಓದಿದ್ದು, ಓಣಿ, ಚೀಲ, ಬಾಗಿಲು, ಎಲ್ಲವನ್ನೂ ಪೀಠಿಕೆ, ವಿಷಯ, ಉಪಸಂಹಾರ ಸಮೇತ ಹೇಳಿದೆ. ಯಾವ ಹೊಟ್ಟೆಯನ್ನು ಹಬ್ಬ ಮಾಡಿ ಮೆರೆಸುತ್ತಿದ್ದೇವೋ ಅದೇ ಅಣ್ಣನ ಕಾಯಿಲೆಯ ಬಾಗಿಲು ಎಂದೆ. ಕೊಂಡಿ ಸೇರಿಸಬಾರದು ಎಂದೆ. ಅವ್ವ ಸಜ್ಜೆಯ ಮೊರ ಹಿಡಿದು ಕೇರುತ್ತಲೇ ಕೇಳಿದಳು.

"ಆತಾ?"

"ಆತು."

"ನೀ ಗೆದ್ದಿ ಬಿಡು. ಕಪ್ ಇನ್ನೊಂದು ಬೇಕಿದ್ರ ಅಟ್ಟದ ಮ್ಯಾಲ ಐತಿ, ಸಾಸಿವಿ ತಗದು ತಗೋ." ಮೊರವನ್ನು ಕೆಳಗಿಟ್ಟಳು. "ಗಂಡಸಿನ ನಡು ತುಂಬಿರಬೇಕವ್ವಾ. ನಿಮ್ಮಪ್ಪ ಚೀಲ ಹೊರತಿದ್ದಾಗ ನೂಲಿನ ಉಡದಾರ ಜಾರಿ ಜಾರಿ ಬೀಳತಿತ್ತು, ನಾ ಗಂಟು ಹಾಕಿ ಹಾಕಿ ಸಾಕಾಗಿದ್ದೆ. ಹೊಟ್ಟಿಗಿಲ್ಲದ ಮಂದಿಗೆ ಗೊತ್ತೈತಿ ಹೊಟ್ಟಿ ಅಂದ್ರ ಏನಂತ. ಕೊಂಡಿ ಹಾಕಸಲಿಲ್ಲ ಅಂದ್ರ ಮನಿ ಇಳೀತು ಅಂತಾರ. ನಾ ಇರೋತನಾ ಅದು ಆಗಂಗಿಲ್ಲ."

ಇದಕ್ಕೆ ನನ್ನಲ್ಲಿ ಉತ್ತರಗಳಿದ್ದವು, ಒಂದಲ್ಲ ಹಲವು. ಆದರೆ ಮೊದಲ ಸಲ ಗಮನಿಸಿದೆ: ನಾನು ಜೋರು ಮಾಡಿದಷ್ಟೂ ಅವ್ವ ಕೇರುವ ವೇಗ ಹೆಚ್ಚುತ್ತಿತ್ತು, ಮುಖ ಮುಚ್ಚಿಕೊಳ್ಳುತ್ತಿತ್ತು. ಬಡಿ, ಇನ್ನೂ ಬಡಿ ಎಂದು ನನ್ನನ್ನು ಯಾರು ತಯಾರು ಮಾಡಿದರೋ ಅವರು ಬಾಗಿಲುಗಳ ಸ್ವಭಾವವನ್ನು ಕಲಿಸಿರಲಿಲ್ಲ. ಅಣ್ಣ ಅಂಗಿಯ ಗುಂಡಿ ಹಾಕಿಕೊಳ್ಳುತ್ತ, "ಹೋಗ್ಲಿ ಬಿಡ್ರಿ, ನನ್ನ ಸೊಂಟಕ್ಕ ನೀವ್ಯಾಕ ಬಡದಾಡತೀರಿ? ನನ್ನ ಕೇಳಿದವರು ಯಾರರ ಅದೀರೇನು?" ಎಂದ. ಅವನಿಗೆ ಏನು ಬೇಕು ಎಂದು ಕೇಳಿದೆ. "ಚಾ" ಎಂದ.

ಒಲೆಯ ಮುಂದೆ ಕೂತಿದ್ದ ವೈನಿ ಆಗ ಮಾತಾಡಿದಳು. ಧ್ವನಿ ಎತ್ತರಿಸಲಿಲ್ಲ, ಇತ್ತ ತಿರುಗಲೂ ಇಲ್ಲ. ರೊಟ್ಟಿ ಬಡಿಯುವ ಕೈ ಮಾತ್ರ ನಿಂತಿತ್ತು.

"ಅತ್ತಿ, ಅವತ್ತು ಚಾ ತಗೊಂಡು ಮಾವನ್ನ ಎಬ್ಬಸಾಕ ಹೋದಾಕಿ ನಾನು. ಮಾವ, ಮಾವ ಅಂತ ಎಷ್ಟೋ ಸಲ ಕರದೆ. ಆಮ್ಯಾಲ ಕೈ ಮುಟ್ಟಿದೆ. ಈಗ ಇವರು ಮಧ್ಯಾನ ಉಂಡು ಮಲಗಿದ್ರ ನಾನು ಬಾಗಲದಾಗ ನಿಂತು ಎದಿ ಏಳತೈತಿಲ್ಲೋ ನೋಡತೀನಿ. ನೋಡಿ ಒಳಗ ಬರತೀನಿ. ಮತ್ತ ಹೋಗಿ ನೋಡತೀನಿ. ನಿಮಗ ಹೇಳಿಲ್ಲ."

ಹೆಂಚಿನ ಮೇಲಿನ ರೊಟ್ಟಿ ಸುಟ್ಟ ವಾಸನೆ ಬಂತು.

ಚರ್ಚಾಸ್ಪರ್ಧೆಯ ನಿಯಮದ ಪ್ರಕಾರ ಇದು ವಾದವೇ ಅಲ್ಲ. ಒಬ್ಬನ ಸಾವು ಇನ್ನೊಬ್ಬನ ಕಾಯಿಲೆಗೆ ಪುರಾವೆಯಾಗುವುದಿಲ್ಲ, ಅಪ್ಪ ಯಾವುದರಿಂದ ಹೋದನೆಂದು ಯಾರೂ ಪರೀಕ್ಷಿಸಿಲ್ಲ, ಭಯ ಎನ್ನುವುದು ತರ್ಕವಲ್ಲ. ನಾನು ತೀರ್ಪುಗಾರ್ತಿಯಾಗಿದ್ದರೆ ಅಂಕ ಕಳೆಯುತ್ತಿದ್ದೆ. ಅವ್ವ ಎದ್ದು ಹೋಗಿ, ಸುಟ್ಟ ರೊಟ್ಟಿಯನ್ನು ತೆಗೆದು, ಸೊಸೆಯನ್ನು ಪಕ್ಕಕ್ಕೆ ಸರಿಸಿ, ತಾನೇ ರೊಟ್ಟಿ ಬಡಿಯಲು ಕೂತಳು.

ಮರುದಿನ ಕುಕನೂರಿಗೆ ಅವ್ವನ ಜೊತೆ ನಾನೂ ಹೋದೆ. ದಾರಿಯುದ್ದಕ್ಕೂ ಅವಳು ಮಾತಾಡಲಿಲ್ಲ, ನಾನೂ ಆಡಲಿಲ್ಲ. ಎರಡನೆಯದೇ ಹೆಚ್ಚಿನ ಸುದ್ದಿ. ಮೌನೇಶಪ್ಪನವರು ಉಡದಾರವನ್ನು ಕೈಯಲ್ಲಿ ಹಿಡಿದು ತೂಗಿ, "ಎಂದಿನಂಗ ಒಂದ ಕೊಂಡಿ ಹಾಕ್ಲೇನಬೇ?" ಎಂದರು.

"ಬ್ಯಾಡ. ತೊಳದ ಕೊಡು ಸಾಕು."

ಪತ್ತಾರರ ಕೈಯಲ್ಲಿನ ಇಕ್ಕುಳ ನಿಂತುಬಿಟ್ಟಿತು. "ಯಾಕಬೇ, ಮನ್ಯಾಗ ಎಲ್ಲಾರೂ ಆರಾಮ್ ಅದಾರಿಲ್ಲೋ?"

"ಆರಾಮಕ್ಕ ಏನಾಗೇತಿ?" ಎಂದಳು ಅವ್ವ, ಸೆರಗು ಕೊಡವಿಕೊಳ್ಳುತ್ತ. "ಬೆಳ್ಳಿ ತುಟ್ಟಿ ಆಗೇತಿ."

ಬೆಳ್ಳಿಯ ಬೆಲೆ ನಿಜಕ್ಕೂ ಏರಿತ್ತು. ಹಾಗಾಗಿ ಅವಳು ಸುಳ್ಳು ಹೇಳಿದಳೆಂದು ನಾನು ಹೇಳಲಾರೆ. ಪತ್ತಾರರು ಉಡದಾರವನ್ನು ಅಂಟುವಾಳದ ನೀರಿನಲ್ಲಿ ಅದ್ದಿ ಬ್ರಶ್ಶಿನಿಂದ ಉಜ್ಜಿದರು. ತೊಳೆದ ಮೇಲೆ ಯಾವ ಕೊಂಡಿ ಹಳೆಯದು ಯಾವುದು ಹೊಸದು ಎಂದು ಗುರುತು ಹತ್ತಲಿಲ್ಲ.

ಹಬ್ಬದ ದಿನ ಹಾಲೆರೆದು ಬಂದ ಮೇಲೆ ಅವ್ವ ಅದನ್ನು ಇದ್ದ ಅಳತೆಯಲ್ಲೇ ಅಣ್ಣನಿಗೆ ತೊಡಿಸಿದಳು. ವೈನಿ ಉಂಡಿಗಳನ್ನು ಕಟ್ಟಿದ್ದಳು. ಶೇಂಗಾ, ಎಳ್ಳು, ರವೆ ಎಲ್ಲ ಇದ್ದವು, ಆದರೆ ಗಾತ್ರ ಮಾತ್ರ ಬೋರೆಹಣ್ಣಿನಷ್ಟು. ಅಣ್ಣ ತಾಟಿನಲ್ಲಿ ಒಂದನ್ನು ಬೆರಳಿನಿಂದ ಉರುಳಿಸಿ, "ಇದೇನಲೇ, ಉಂಡಿನೋ ಗೋಲಿನೋ? ಆಡಾಕ ಕೊಟ್ಟೀ, ತಿನ್ನಾಕ ಕೊಟ್ಟೀ?" ಎಂದ. ಹೆಚ್ಚು ಬಡಿಸಿಕೊಳ್ಳಲು ಅವ್ವನ ಕಡೆ ನೋಡಿದ. ಅವ್ವ ಪಲ್ಯದ ಬೋಗುಣಿ ಮುಂದೆ ತಳ್ಳಿದಳು. ಊಟ ಮುಗಿಯಿತು. ಹೊರಗೆ ಮೋಡ ಮುಚ್ಚಿದ ಬೆಳಕು, ಜೊಂಪು ಹತ್ತಿಸುವ ತಂಗಾಳಿ. ಊರಿನ ಅಷ್ಟೂ ಮನೆಗಳಿಗೆ ನಿದ್ದೆ ಬರುತ್ತಿತ್ತು. ಅಣ್ಣ ಎಂದಿನಂತೆ ಪಡಸಾಲೆಗೆ ಹೋಗಿ ಚಾಪೆಗೆ ಕೈಚಾಚಿದ. ಚಾಪೆ ಅಲ್ಲಿರಲಿಲ್ಲ. ಅವ್ವ ಅದನ್ನು ಸುರುಳಿ ಸುತ್ತಿ, ಅದರ ಮೇಲೆ ತಾನೇ ಕೂತು ಎಲೆ ಅಡಿಕೆ ಮಡಿಸುತ್ತಿದ್ದಳು.

"ಏಳಬೇ, ಒಂದು ತಾಸು ಅಡ್ಡ ಆಗತೀನಿ."

"ನಾ ಏಳಂಗಿಲ್ಲ."

"ಅಂದ್ರ ನಾ ಎಲ್ಲಿ ಹೋಗ್ಲಿ?"

"ಮಂದಿ ಎಲ್ಲಾ ಜೋಕಾಲಿ ಹತ್ರ ಅದಾರ. ಹಬ್ಬದ ದಿನಾ ಗಂಡಾ ಹೆಂಡತಿ ಮನ್ಯಾಗ ಕುಂತ್ರ ಛಂದ ಕಾಣಂಗಿಲ್ಲ. ಹೋಗು, ಆಕಿನ್ನ ಕರಕೊಂಡು ಹೋಗು."

ಊರ ಹೊರಗಿನ ಬೇವಿನ ಮರಕ್ಕೆ ದಪ್ಪ ಹಗ್ಗದ ಜೋಕಾಲಿ ಕಟ್ಟಿದ್ದರು. ಇಬ್ಬರು ಎದುರುಬದುರು ನಿಂತು, ಮಂಡಿ ಬಗ್ಗಿಸಿ ಎದ್ದು, ಬಗ್ಗಿಸಿ ಎದ್ದು ಜೀಕಬೇಕು. ಅಣ್ಣ ಹತ್ತಿ ನಿಂತಾಗ ಟೊಂಗೆ ಕಿರ್ರೆಂದಿತು. "ಡ್ರೈವರ್ ಸಾಹೇಬ್ರ, ಬ್ರೇಕ್ ನೋಡ್ಕೋರಿ!" ಎಂದು ಹೆಂಗಸರು ಕೂಗಿದರು. "ಲೋಡ್ ಜಾಸ್ತಿ ಆಗೇತಿ, ಎರಡು ಟ್ರಿಪ್ ಮಾಡ್ರಿ!" ಎಂದು ಇನ್ನೊಬ್ಬಳು. ವೈನಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದುರು ಹತ್ತಿದಳು. ಮೊದಲು ಅವಳೊಬ್ಬಳೇ ಜೀಕಿದಳು, ಅವನು ಹೇರಿದ ಚೀಲದಂತೆ ಸುಮ್ಮನೆ ತೂಗಿದ. ಆಮೇಲೆ ಅವನ ಮಂಡಿಗಳಿಗೂ ಹಳೆಯದೇನೋ ನೆನಪಾದಂತೆ ಬಗ್ಗಿ ಎದ್ದವು. ಜೋಕಾಲಿ ಎಳ್ಳಿನ ಹೊಲದ ಮೇಲೆ ಹೋಗಿ, ಮೋಡದ ಕಡೆ ಏರಿ, ಒಂದು ಕ್ಷಣ ಅಲ್ಲೇ ನಿಂತು ಯೋಚಿಸಿ, ಮತ್ತೆ ಬಂತು. ಅಣ್ಣನ ಅಂಗಿ ಬೆನ್ನಿಗೆ ಅಂಟಿತ್ತು. ವೈನಿ ಅವನ ಎದೆ ಏಳುವುದನ್ನೂ ಇಳಿಯುವುದನ್ನೂ ಇಷ್ಟು ಹತ್ತಿರದಿಂದ, ಇಷ್ಟು ಧೈರ್ಯವಾಗಿ ನೋಡುತ್ತಿದ್ದಳು. ಅವಳು ನಕ್ಕದ್ದು ಕೆಳಗಿದ್ದ ನನಗೂ ಕೇಳಿಸಿತು.

ಇದರಿಂದ ಏನೂ ಸಾಬೀತಾಗುವುದಿಲ್ಲ ಎಂದು ಕೆಳಗೆ ನಿಂತು ನಾನು ಯೋಚಿಸುತ್ತಿದ್ದೆ. ಒಂದು ಮಧ್ಯಾಹ್ನದ ಜೋಕಾಲಿಗೆ ಹಲವು ವರ್ಷಗಳ ಚಾ ಕರಗುವುದಿಲ್ಲ. ದೀಪಾವಳಿಯ ವರದಿ ಏನು ಹೇಳುತ್ತದೋ ಯಾರಿಗೆ ಗೊತ್ತು? ನಾಳೆಯಿಂದ ಅವನನ್ನು ನಡೆಸುವವರು ಯಾರು? ಸಿಂಡ್ರೋಮ್ ಎನ್ನುವ ಹೆಸರಿನ ಬಗ್ಗೆ ನನ್ನ ಆಕ್ಷೇಪಗಳು ಇನ್ನೂ ಹಾಗೇ ಇವೆ. ಇಷ್ಟನ್ನೂ ಅಂಶಗಳಾಗಿ ಜೋಡಿಸಿಕೊಳ್ಳುವಷ್ಟರಲ್ಲಿ ಜೋಕಾಲಿ ನಿಂತಿತು, ವೈನಿ ಇಳಿದಳು, ಅಣ್ಣ ಹಗ್ಗ ಹಿಡಿದು ನನ್ನ ಕಡೆ ನೋಡಿದ.

"ಬಾ ವಕೀಲವ್ವ, ಕೆಳಗ ನಿಂತು ಏನ್ ಲೆಕ್ಕ ಹಾಕತೀ? ಹತ್ತು."

ಹತ್ತಿದೆ. ಅವನು ಜೀಕಿದ, ನಾನೂ ಜೀಕಿದೆ. ನಾಲ್ಕಾರು ಸಲ ಹೋಗಿ ಬರುವಷ್ಟರಲ್ಲಿ ಹೊಲ, ಮರ, ನಗುವ ಮುಖಗಳು ಎಲ್ಲ ಒಂದೇ ನೀರಿನ ಬಣ್ಣವಾದವು. ಎದುರಿನಿಂದ ಅಣ್ಣ ಕೂಗಿ ಕೇಳಿದ:

"ಈಗ ಹೇಳಲೇ, ಡಾಕ್ಟರಮ್ಮ ಹೇಳಿದ್ದು ಖರೆನೋ ಸುಳ್ಳೋ?"

ನನ್ನ ಹತ್ತಿರ ಎರಡೂ ಪಕ್ಷದ ಉತ್ತರ ಸಿದ್ಧವಿತ್ತು. ಹೇಳಲು ಉಸಿರಿರಲಿಲ್ಲ.